ಹಾಯಿಯಿಲ್ಲದ ಹರಿಗೋಲು: ನೌಕಾರೂಪಕದಲ್ಲಿ ಅಂಗವಿಚಾರ

೧

ಸಂಸಾರವನ್ನು ಸಮುದ್ರವೆಂದೂ ಅದನ್ನು ದಾಟಿಸುವ ಸಾಧನವನ್ನು ನೌಕೆಯೆಂದೂ ಹೇಳುವ ಪದ್ಧತಿಯು ನಮ್ಮ ವಾಙ್ಮಯದಲ್ಲಿ ಬಹು ಪ್ರಾಚೀನವಾದುದು. ಉಪನಿಷತ್ತು, ಗೀತೆ, ಪುರಾಣ, ವಚನ, ಕೀರ್ತನೆ ಎಲ್ಲೆಡೆಯಲ್ಲಿಯೂ ಅದು ಕಾಣಬರುವುದು. ಪರಿಚಯವು ಅತಿಯಾದಲ್ಲಿ ಪರೀಕ್ಷೆಯು ಕಡಮೆಯಾಗುವುದು ಲೋಕಸ್ವಭಾವವಷ್ಟೆ. ಆದಕಾರಣವೇ ಈ ನೌಕೆ ಎಂತಹುದು, ಅದರ ಅಂಗಗಳಾವುವು, ಅದನ್ನು ನಡೆಸುವ ಶಕ್ತಿ ಯಾವುದು ಎಂಬ ಪ್ರಶ್ನೆಗಳನ್ನು ಎತ್ತದೆಯೇ ನಾವು ಅರ್ಥವನ್ನು ಹೇಳಿ ಮುಂದೆ ಸಾಗುತ್ತಿರುವೆವು.

ಪುರಂದರದಾಸರು ಭಗವಂತನನ್ನು ಅಂಬಿಗನೆಂದು ಸಂಬೋಧಿಸಿ ಹಾಡಿರುವ ಕೀರ್ತನೆಯು ಕನ್ನಡಿಗರಿಗೆ ಕಂಠಸ್ಥವಾದುದು. ಅದಕ್ಕೆ ಅರ್ಥ ಹೇಳುವಲ್ಲಿ, ದೇಹವು ಹಡಗು, ಭಕ್ತಿಯು ಹಾಯಿ, ಕೃಪೆಯು ಅನುಕೂಲವಾಯು, ಗುರುವು ಚುಕ್ಕಾಣಿ ಹಿಡಿದವನು ಎಂದು ವಿಸ್ತರಿಸುವ ಕ್ರಮವು ಪಾಠಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಕೇಳುವುದಕ್ಕೆ ಇದು ಇಂಪಾಗಿಯೇ ಇದೆ. ಆದರೆ ಕೀರ್ತನೆಯನ್ನು ಮತ್ತೊಮ್ಮೆ ಓದಿದರೆ ಅದರಲ್ಲಿ ಹಾಯಿಯೂ ಇಲ್ಲ, ವಾಯುವೂ ಇಲ್ಲ, ಚುಕ್ಕಾಣಿಯೂ ಇಲ್ಲ. ಅಲ್ಲಿರುವುದು ಹರಿಗೋಲು, ಹುಟ್ಟು, ಹೊಳೆ ಮತ್ತು ಅಂಬಿಗ.

ಮೂಲದಲ್ಲಿಲ್ಲದ ಒಂದು ಬಟ್ಟೆಯ ತುಂಡನ್ನು ವ್ಯಾಖ್ಯಾನಕಾರನು ಸೇರಿಸಿದ ಮಾತ್ರದಿಂದ ಏನು ಕೆಟ್ಟಿತೆಂದು ಕೇಳಬಹುದು. ಕೆಟ್ಟಿರುವುದು ಕೀರ್ತನೆಯ ಅಭಿಪ್ರಾಯವೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಮೊದಲು ಹಾಯಿಯ ಸ್ವರೂಪವನ್ನೂ, ಬಳಿಕ ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ಹೊಳೆಗಳಲ್ಲಿ ನಡೆಯುವ ಹರಿಗೋಲಿನ ಸ್ವರೂಪವನ್ನೂ ವಿಚಾರಿಸಿ, ಕಡೆಗೆ ಕೀರ್ತನೆಗೆ ಬರುವೆವು.

೨

ಸಂಸ್ಕೃತ ಪಾಠಶಾಲೆಗಳಲ್ಲಿ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿಸುವ ಅಮರಕೋಶದ ವಾರಿವರ್ಗದಲ್ಲಿ ನೌಕೆಗೆ ಸಂಬಂಧಿಸಿದ ಪದಗಳು ಒಂದೆಡೆ ಸೇರಿವೆ. ನೌ, ತರಣಿ, ತರಿ ಎಂಬುವು ದೋಣಿಯ ಹೆಸರುಗಳು. ಉಡುಪ, ಪ್ಲವ, ಕೋಲ ಎಂಬುವು ತೆಪ್ಪದಂತಹ ಕಿರಿಯ ತರಣಸಾಧನಗಳು. ಕರ್ಣಧಾರ, ನಾವಿಕ ಎಂಬುವು ನಡೆಸುವವನಿಗೆ, ಕ್ಷೇಪಣಿಯು ನೌಕಾದಂಡಕ್ಕೆ, ಅರಿತ್ರ, ಕೇನಿಪಾತಕ ಎಂಬುವು ಹಿಂಬದಿಯಲ್ಲಿ ದಿಕ್ಕು ತಿರುಗಿಸುವ ಹಲಗೆಗೆ, ಕೂಪಕ, ಗುಣವೃಕ್ಷಕ ಎಂಬುವು ಕೂವೆಗಂಬಕ್ಕೆ, ಸೇಕಪಾತ್ರವು ಒಳಗೆ ಸೇರಿದ ನೀರನ್ನು ಮೊಗೆದು ಚೆಲ್ಲುವ ಪಾತ್ರೆಗೆ, ಆತರ, ತರಪಣ್ಯ ಎಂಬುವು ದಾಟಿಸಿದ್ದಕ್ಕೆ ಕೊಡುವ ಕೂಲಿಗೆ. ಇಷ್ಟನ್ನು ಹೇಳಿದ ಅಮರಸಿಂಹನು ಈ ಸಾಲಿನಲ್ಲಿ ಹಾಯಿಗೆ ಮಾತ್ರ ಹೆಸರನ್ನು ಹೇಳಲಿಲ್ಲ. ಗುಣವೃಕ್ಷಕವೆಂದರೆ ಹಗ್ಗದ ಮರ. ಅದು ಹಾಯಿಯನ್ನು ಏರಿಸುವ ಕಂಬವೋ ದೋಣಿಯನ್ನು ಕಟ್ಟುವ ಗೂಟವೋ ಎಂಬುದರಲ್ಲಿ ಅರ್ಥಭೇದವುಂಟು. ಹಗ್ಗವಿದೆ, ಮರವಿದೆ, ಹಾಯಿ ಮಾತ್ರ ಊಹೆಗೆ ಬಿಟ್ಟಿದೆ.

ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನಲ್ಲಿ ನಾವೆಗಳ ವಿಭಾಗವು ವಿಸ್ತಾರವಾಗಿದೆ. ನಾಲ್ಕು ಕೂವೆಗಂಬಗಳುಳ್ಳ ನಾವೆಗೆ ಬಿಳಿ, ಮೂರಕ್ಕೆ ಕೆಂಪು, ಎರಡಕ್ಕೆ ಹಳದಿ, ಒಂದಕ್ಕೆ ನೀಲಿ ಎಂದು ಬಣ್ಣಗಳನ್ನು ಕೂಡ ಅದು ವಿಧಿಸುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಅರಗಿನ ಮನೆಯಿಂದ ಪಾರಾದ ಪಾಂಡವರಿಗಾಗಿ ವಿದುರನು ಕಳುಹಿಸಿದ ನಾವೆಯು ಸರ್ವವಾತಗಳನ್ನೂ ಸಹಿಸತಕ್ಕದ್ದು, ಯಂತ್ರವುಳ್ಳದ್ದು, ಪತಾಕೆಯುಳ್ಳದ್ದು ಎಂದು ವರ್ಣಿತವಾಗಿದೆ. ಪತಾಕೆಯೆಂದರೆ ಇಲ್ಲಿ ಬಾವುಟವಲ್ಲ, ಹಾಯಿಯೇ ಎಂದು ಅರ್ಥ ಮಾಡುವವರುಂಟು. ಗಾಳಿಯ ಮಾತು ಪಕ್ಕದಲ್ಲಿಯೇ ಇರುವುದರಿಂದ ಆ ಅರ್ಥವು ಅಸಂಗತವಲ್ಲ.

ಕನ್ನಡದ ಹಾಯಿ ಶಬ್ದಕ್ಕೆ ಬರುವೆವು. ನದಿಯನ್ನು ಹಾಯುವುದರಿಂದ ಹಾಯಿ ಎಂದು ನಿಷ್ಪತ್ತಿ ಹೇಳುವುದು ಸುಲಭವಾಗಿ ತೋರುವುದು. ಆದರೆ ತಮಿಳಿನಲ್ಲಿ ಇದೇ ಶಬ್ದದ ರೂಪವಾದ ‘ಪಾಯ್’ ಎಂಬುದಕ್ಕೆ ಚಾಪೆಯೆಂದೂ ಹಾಯಿಯೆಂದೂ ಎರಡು ಅರ್ಥಗಳಿವೆ. ಪಕಾರವು ಕನ್ನಡದಲ್ಲಿ ಹಕಾರವಾದುದು ವಿದಿತವೇ ಇದೆ. ಚಾಪೆಯನ್ನು ಹೆಣೆದು ಕಂಬಕ್ಕೇರಿಸಿದ ಕಾಲದ ನೆನಪು ಈ ಪದದಲ್ಲಿ ಉಳಿದಿದೆಯೆಂದು ತಿಳಿಯುವುದು ಯುಕ್ತ. ಆದುದರಿಂದ ಚಾಪೆಯ ಸಂಬಂಧಿಯಾದ ಹಾಯಿ ಎಂಬ ನಾಮಪದವನ್ನೂ, ದಾಟು ಎಂಬರ್ಥದ ಹಾಯ್ ಎಂಬ ಕ್ರಿಯಾಪದವನ್ನೂ ಬೇರೆ ಬೇರೆಯಾಗಿ ಗ್ರಹಿಸಬೇಕು. ಈ ಭೇದವು ಮುಂದೆ ಪ್ರಯೋಜನಕ್ಕೆ ಬರುವುದು. ಇನ್ನು ಚುಕ್ಕಾಣಿಯು ಅರಬ್ಬಿಯ ‘ಸುಕ್ಕಾನ್’ ಶಬ್ದದ ವಂಶದ್ದು, ಲಂಗರು ಫಾರಸಿಯದು. ಸಮುದ್ರದ ವ್ಯಾಪಾರದಲ್ಲಿ ಬಂದ ವಸ್ತುಗಳು ತಮ್ಮ ಹೆಸರುಗಳನ್ನೂ ಹೊತ್ತು ತಂದುವು.

ಹಾಯಿಯ ಕ್ರಿಯೆಯನ್ನು ನಮ್ಮ ಪಡುವಣ ಕರಾವಳಿಯಲ್ಲಿ ನೋಡಬೇಕು. ಮಂಗಳೂರು, ಭಟ್ಕಳ, ಹೊನ್ನಾವರ, ಕಾರವಾರಗಳಿಂದ ಮುಂಬಯಿಯವರೆಗೆ ಸರಕು ಸಾಗಿಸುತ್ತಿದ್ದ ಪತ್ತೆಮಾರಿಗಳಲ್ಲಿ, ತುಸು ಮುಂದಕ್ಕೆ ಬಾಗಿದ ಕೂವೆಗಂಬಕ್ಕೆ ಉದ್ದವಾದ ಅಡ್ಡಮರವನ್ನು ಓರೆಯಾಗಿ ಏರಿಸಿ, ಅದರಿಂದ ಮೂಲೆ ಚೂಪಾದ ಹಾಯಿಯನ್ನು ಇಳಿಬಿಡುತ್ತಿದ್ದರು. ಕೆಳಮೂಲೆಗೆ ಕಟ್ಟಿದ ಹಗ್ಗವನ್ನು ಬಿಗಿದು ಅಥವಾ ಸಡಿಲಿಸಿ ಹಾಯಿಗೆ ಗಾಳಿಯನ್ನು ಬೇಕಾದಷ್ಟೇ ಹಿಡಿಸುವುದು ನಾವಿಕನ ಕೌಶಲ. ಗಾಳಿಯು ಹಿಂದಿನಿಂದ ಬೀಸಿದರೆ ಹಾಯಿ ತಳ್ಳಲ್ಪಡುವುದು. ಪಕ್ಕದಿಂದ ಬೀಸಿದರೂ ಹಾಯಿಯನ್ನು ಓರೆ ಹಿಡಿದು ಮುಂದೆ ಸಾಗಬಹುದು. ಎದುರುಗಾಳಿಗೆ ನೇರವಾಗಿ ನುಗ್ಗಲಾಗದಿದ್ದರೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ನಡೆದು ಮುಂದಿನ ಊರನ್ನು ಮುಟ್ಟಬಹುದು. ಕಿರುದೋಣಿಯ ಮೀನುಗಾರರು ಬೆಳಗಾಗುವ ಮುನ್ನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನಾನಂತರ ಕಡಲಗಾಳಿಯಲ್ಲಿ ಮರಳುತ್ತಿದ್ದುದೂ ಈ ಯುಕ್ತಿಯಿಂದಲೇ.

ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಕ್ಕದ ಗಾಳಿಯನ್ನು ಹಾಯಿಯು ಮುನ್ನಡೆಯಾಗಿ ಮಾರ್ಪಡಿಸಬೇಕಾದರೆ ದೋಣಿಯ ಒಡಲು ಉದ್ದವಾಗಿ, ಅಡ್ಡಕ್ಕೆ ಜಾರದಂತೆ ನೀರನ್ನು ಹಿಡಿದು ನಿಲ್ಲುವಂತಿರಬೇಕು, ಹಿಂದೆ ಚುಕ್ಕಾಣಿಯಿರಬೇಕು, ಕಂಬವನ್ನು ನಾಲ್ಕು ಕಡೆಯಿಂದ ಹಗ್ಗಗಳು ಬಿಗಿದಿರಬೇಕು. ಹೀಗೆ ಒಡಲು, ಚುಕ್ಕಾಣಿ, ಕಂಬ, ಹಗ್ಗ, ಹಾಯಿ ಎಂಬುವು ಪರಸ್ಪರಾಪೇಕ್ಷಿಗಳು. ಒಂದನ್ನು ಮಾತ್ರ ಕಿತ್ತು ಇನ್ನೊಂದು ಜಾತಿಯ ತರಣಸಾಧನಕ್ಕೆ ಕಟ್ಟಿದರೆ ಅದು ಹಾಯಿಯಾಗಿ ಉಳಿಯದು.

೩

ಹಾಯಿಯ ಸೀಮೆಯು ಎಲ್ಲಿಗೆ ನಿಲ್ಲುವುದೆಂಬುದಕ್ಕೆ ನಮ್ಮ ಪ್ರಾಂತದಲ್ಲಿಯೇ ಒಂದು ನಿದರ್ಶನವುಂಟು. ಎರಡು ಕೂವೆಗಂಬಗಳ ಹಡಗನ್ನು ಅಚ್ಚೊತ್ತಿದ ಶಾತವಾಹನರ ನಾಣ್ಯಗಳು ಪ್ರಸಿದ್ಧವಾಗಿವೆ. ಅವು ದೊರೆತಿರುವುದು ಪೂರ್ವಸಮುದ್ರದ ಕರಾವಳಿಯಲ್ಲಿ. ಅದೇ ವಂಶದ ಅರಸರ ಹೆಸರುಗಳೂ ಪ್ರತಿಮೆಗಳೂ ಯಾದಗಿರಿಗೆ ಮೇಲ್ಗಡೆ ಭೀಮಾತೀರದಲ್ಲಿರುವ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಕಲ್ಲುಗಳಲ್ಲಿವೆ. ಕಡಲತೀರದಲ್ಲಿ ಹಡಗಿನ ಮುದ್ರೆಯನ್ನು ಒತ್ತಿಸಿದ ವಂಶವು ಭೀಮಾತೀರವನ್ನೂ ಆಳಿತು. ಆದರೆ ಭೀಮೆಯ ನೀರಿನ ಮೇಲೆ ಆ ಹಡಗು ಬರುವಂತಿರಲಿಲ್ಲ.

ಕೃಷ್ಣೆಯು ಸುರಪುರ, ಶಹಾಪುರ ಸೀಮೆಗಳ ದಕ್ಷಿಣದ ಮೇರೆಯಾಗಿ ಹರಿಯುತ್ತದೆ. ಭೀಮೆಯು ಶಹಾಪುರ, ಯಾದಗಿರಿಗಳ ನಡುವೆ ಇಳಿದು ರಾಯಚೂರು ಸೀಮೆಯ ಅಂಚಿನಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಎರಡೂ ಬಂಡೆಗಳ ಮೇಲೆ ಹರಿಯುವ ಹೊಳೆಗಳು. ನಾರಾಯಣಪುರದಿಂದ ಕೆಳಗೆ ಜಲದುರ್ಗದ ಬಳಿ ಕೃಷ್ಣೆಯು ಕಲ್ಲುಗಳ ನಡುವೆ ಸೀಳಿ ಧುಮುಕುವುದನ್ನು ಕಂಡವರಿಗೆ, ಹೊಳೆಯುದ್ದಕ್ಕೂ ನಾವೆಯನ್ನು ನಡೆಸುವುದು ಇಲ್ಲಿ ಏಕೆ ಬೆಳೆಯಲಿಲ್ಲವೆಂಬುದು ಹೇಳದೆಯೇ ತಿಳಿಯುವುದು. ಬೇಸಗೆಯಲ್ಲಿ ಮೊಣಕಾಲು ನೀರು, ಮಳೆಗಾಲದಲ್ಲಿ ದಡ ಮೀರಿದ ಸೆಳವು. ಜನರಿಗೆ ಬೇಕಾದುದು ಹೊಳೆಯ ಉದ್ದವಲ್ಲ, ಅಗಲ. ಈ ದಡದಿಂದ ಆ ದಡಕ್ಕೆ, ಸುರಪುರದ ಕಡೆಯಿಂದ ದೇವದುರ್ಗ, ಲಿಂಗಸುಗೂರುಗಳ ಕಡೆಗೆ ದಾಟುವುದೊಂದೇ ಪ್ರಯೋಜನ. ಮುಂಗಾರಿನ ಗಾಳಿಯು ಪಡುವಣದಿಂದ ಬೀಸುತ್ತದೆ. ಕೃಷ್ಣೆಯೂ ಮೂಡಲಿಗೆ ಹರಿಯುತ್ತದೆ. ಪ್ರವಾಹದ ದಿನಗಳಲ್ಲಿ ಹಾಯಿ ಕಟ್ಟಿದರೆ ನೀರು ಎಳೆಯುವ ಕಡೆಗೇ ಗಾಳಿಯೂ ತಳ್ಳುವುದು. ಯಾರೂ ಹೋಗಬಯಸದ ದಿಕ್ಕಿಗೆ ಎರಡು ಶಕ್ತಿಗಳು ಸೇರಿ ಒಯ್ಯುವುವು.

ಇಂತಹ ಹೊಳೆಗೆ ತಕ್ಕ ಸಾಧನವು ಹರಿಗೋಲು. ಆಡುಮಾತಿನಲ್ಲಿ ಹರಗೋಲು ಎಂದೂ ತೆಪ್ಪವೆಂದೂ ಹೇಳುವರು. ತೆಲುಗರು ಇದನ್ನು ಪುಟ್ಟಿಯೆನ್ನುವರು. ಆ ಭಾಷೆಯಲ್ಲಿ ಪುಟ್ಟಿಯೆಂದರೆ ಬುಟ್ಟಿಯೂ ಹೌದು. ಬಿದಿರಿನ ಸೀಳುಗಳನ್ನು ದುಂಡಗೆ ಬುಟ್ಟಿಯಂತೆ ಹೆಣೆದು ಹೊರಗಡೆ ತೊಗಲನ್ನು ಬಿಗಿಯುವುದು ಪೂರ್ವದ ಕ್ರಮ. ಮುಂದೆ ತೊಗಲಿನ ಬದಲು ಡಾಂಬರು ಬಳಿದ ಬಟ್ಟೆಯೂ, ಈಚೆಗೆ ಪ್ಲಾಸ್ಟಿಕ್ಕಿನ ಹಾಳೆಯೂ ಬಂದಿವೆ. ಇದಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಒಡಲು ದುಂಡಗೆ, ತಳವು ಚಪ್ಪಟೆ. ಆದುದರಿಂದ ಬಂಡೆಗೆ ತಗಲಿದರೆ ಜಾರಿ ತಿರುಗುವುದೇ ಹೊರತು ಸೀಳದು. ಮೊಣಕಾಲು ನೀರಿನಲ್ಲಿಯೂ ತೇಲುವುದು. ಕಾರ್ಯ ಮುಗಿದ ಮೇಲೆ ತಲೆಯ ಮೇಲೆ ಹೊತ್ತು ಒಯ್ಯಬಹುದು.

ಆದರೆ ಇದೇ ದುಂಡುತನದಿಂದ ಹರಿಗೋಲು ನೇರವಾಗಿ ಹೋಗಲಾರದು. ಅಂಬಿಗನು ಅಂಚಿನಲ್ಲಿ ಕುಳಿತು ಅಥವಾ ನಿಂತು ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆಯುತ್ತಾ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾ ಅದರ ಸುತ್ತುವಿಕೆಯನ್ನು ತಡೆಯಬೇಕು. ಕೈ ನಿಂತ ಕ್ಷಣವೇ ಹರಿಗೋಲು ತಿರುಗತೊಡಗುವುದು. ತುಂಬಿದ ಹೊಳೆಯಲ್ಲಿ ಎದುರು ಗಟ್ಟವನ್ನು ಸೇರಬೇಕಾದವನು ಅದಕ್ಕೆ ನೇರವಾಗಿ ಹೊರಡುವುದಿಲ್ಲ. ಹರಿಗೋಲನ್ನು ದಡದ ಮೇಲೆ ಹೊತ್ತು ಮೇಲ್ಹೊಳೆಗೆ ನಡೆದು, ಅಲ್ಲಿಂದ ಇಳಿಬಿಟ್ಟು, ಸೆಳವು ಕೆಳಕ್ಕೆ ಒಯ್ಯುತ್ತಿರುವಷ್ಟರಲ್ಲಿಯೇ ಅಡ್ಡಕ್ಕೆ ಸಾಗಿ ಗುರಿಯನ್ನು ಮುಟ್ಟುತ್ತಾನೆ. ಒಳಗೆ ಕುಳಿತವನಿಗೆ ತಾನು ಕೊಚ್ಚಿಹೋಗುತ್ತಿರುವಂತೆ ತೋರುವುದು. ಅಂಬಿಗನ ಲೆಕ್ಕವು ಬೇರೆ. ಗಂಗಾಮತಸ್ಥರೆಂದೂ ಅಂಬಿಗರೆಂದೂ ಕಬ್ಬಲಿಗರೆಂದೂ ಕರೆಯಲ್ಪಡುವ ಈ ಕಡೆಯ ಜನರು ತಲೆಮಾರುಗಳಿಂದ ಕಾಪಾಡಿದ ವಿದ್ಯೆಯಿದು.

ಇದಕ್ಕೆ ಪ್ರಾಚೀನ ಸಾಕ್ಷಿಯೂ ಉಂಟು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರ ದೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಾಗಿವೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುವುವು. ಸದಾ ತಿರುಗುತ್ತಲೇ ಇರುವುದಲ್ಲದೆ ಉಳಿದ ದೋಣಿಗಳಂತೆ ನೇರವಾಗಿ ಹೋಗಲಾರವು. ಈ ರಾಜ್ಯದ ಹೊಳೆಗಳಲ್ಲಿ ಇವಲ್ಲದೆ ಬೇರೆ ದೋಣಿಗಳಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಹಾಯಿಯ ಹಡಗಿನಲ್ಲಿ ಮಹಾಸಾಗರವನ್ನು ದಾಟಿ ಬಂದ ಜನಾಂಗದವನಾದ್ದರಿಂದ, ಈ ದೋಣಿಯಲ್ಲಿ ಯಾವುದು ಇಲ್ಲವೋ ಅದು ಅವನ ಕಣ್ಣಿಗೆ ಬಿತ್ತು. ಪುರಂದರದಾಸರ ಕಾಲವನ್ನು ಸಂಪ್ರದಾಯದವರು ೧೪೮೪ರಿಂದ ೧೫೬೪ ಎಂದು ಹೇಳುವರು. ಪಾಯೆಸನು ಕಂಡ ಹೊಳೆಯೂ ದಾಸರ ಹಂಪೆಯ ಹೊಳೆಯೂ ಒಂದೇ, ಕಾಲವೂ ಒಂದೇ. ಅವರ ಬಳಿಕ ಬಂದ ದಾಸರಲ್ಲಿಯೂ ಗೋಪಾಲದಾಸರು ಸುರಪುರಕ್ಕೆ ಹೊಳೆಯಾಚೆಯ ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಆನಂದದಾಸರು ಸುರಪುರದವರೇ. ದಾಸಸಾಹಿತ್ಯದ ನೆಲವು ಬಹುಮಟ್ಟಿಗೆ ಹರಿಗೋಲಿನ ನೆಲವಾಗಿದೆ.

೪

ಈಗ ಕೀರ್ತನೆಯನ್ನು ಅಂಗಾಂಗವಾಗಿ ಪರಿಶೀಲಿಸುವ. ಹಾಯಿಯನ್ನು ತಂದು ಸೇರಿಸುವ ವ್ಯಾಖ್ಯಾನಕ್ಕೆ ಮೂಲವೆಲ್ಲಿದೆಯೆಂಬುದನ್ನು ಮೊದಲು ಹೇಳಬೇಕು, ಅದು ನಿರಾಧಾರವಾದುದಲ್ಲ. ಭಾಗವತದ ಏಕಾದಶಸ್ಕಂಧದ ಇಪ್ಪತ್ತನೆಯ ಅಧ್ಯಾಯದಲ್ಲಿ ಭಗವಂತನು ಉದ್ಧವನಿಗೆ ಉಪದೇಶಿಸುತ್ತಾ, ಮನುಷ್ಯದೇಹವು ಚೆನ್ನಾಗಿ ರಚಿತವಾದ ಪ್ಲವ, ಗುರುವು ಕರ್ಣಧಾರ, ತಾನೇ ಅನುಕೂಲವಾಯು, ಇಷ್ಟಿದ್ದೂ ಭವಸಾಗರವನ್ನು ದಾಟದವನು ಆತ್ಮಘಾತಕ ಎಂದು ಹೇಳುತ್ತಾನೆ. ಅಲ್ಲಿ ವಾಯುವಿದೆ, ಚುಕ್ಕಾಣಿ ಹಿಡಿದವನಿದ್ದಾನೆ. ಹಾಯಿಯ ಹೆಸರಿಲ್ಲದಿದ್ದರೂ ಗಾಳಿಯು ಪ್ರೇರಿಸುವುದೆಂದ ಮೇಲೆ ಹಾಯಿಯು ಅರ್ಥಾತ್ ಸಿದ್ಧವಾಗುವುದು. ಈ ಶ್ಲೋಕವು ಪ್ರವಚನಕಾರರ ನಾಲಗೆಯ ಮೇಲಿರುವುದರಿಂದ ದಾಸರ ಕೀರ್ತನೆಗೂ ಅದರ ಉಪಕರಣಗಳನ್ನೇ ತೊಡಿಸಿಬಿಡುವುದು ಸಹಜವಾಯಿತು.

ಆದರೆ ಎರಡರ ಅಭಿಪ್ರಾಯಗಳು ಬೇರೆ. ಭಾಗವತದಲ್ಲಿ ಭಗವಂತನು ಹೊರಗಿನಿಂದ ಬೀಸುವ ಗಾಳಿ, ನಡೆಸುವವನು ಗುರು, ದಾಟುವ ಹೊಣೆಯು ಪುರುಷನದು, ದಾಟದಿದ್ದರೆ ನಿಂದೆಯೂ ಅವನದೇ. ಸಾಧನಗಳೆಲ್ಲ ಕೈಗೂಡಿವೆ, ಏಕೆ ಸುಮ್ಮನಿರುವೆ ಎಂಬುದು ಅಲ್ಲಿನ ಧ್ವನಿ. ಕೀರ್ತನೆಯಲ್ಲಿಯಾದರೋ ಭಗವಂತನೇ ಅಂಬಿಗ. ಅವನು ಹೊರಗಿಲ್ಲ; ಅದೇ ಬುಟ್ಟಿಯಲ್ಲಿ ಭಕ್ತನ ಎದುರಿಗೆ ಹುಟ್ಟು ಹಿಡಿದು ಕುಳಿತಿದ್ದಾನೆ. ಸಾಧನಗಳು ಕೈಗೂಡಿಲ್ಲ, ಇರುವ ಸಾಧನವೂ ಸೋರುತ್ತಿದೆ, ನೀನೇ ದಾಟಿಸು ಎಂಬುದು ಇಲ್ಲಿನ ಧ್ವನಿ. ಅದು ಪ್ರೋತ್ಸಾಹ, ಇದು ಶರಣಾಗತಿ. ಒಂದೇ ಮರದಲ್ಲಿ ಎರಡು ಪಕ್ಷಿಗಳಿದ್ದು ಒಂದು ಫಲವನ್ನುಣ್ಣುವುದು, ಇನ್ನೊಂದು ನೋಡುವುದು ಎಂದು ಮುಂಡಕೋಪನಿಷತ್ತು ಹೇಳುವುದಷ್ಟೆ. ನೋಡುತ್ತಿದ್ದ ಆ ಪಕ್ಷಿಯೇ ಇಲ್ಲಿ ಹುಟ್ಟನ್ನು ಹಿಡಿದಿದೆ. ಹಡಗಿನಲ್ಲಿ ಪ್ರಯಾಣಿಕನಿಗೂ ಚುಕ್ಕಾಣಿಯವನಿಗೂ ದೂರವಿರುವುದು. ಹರಿಗೋಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಗಲುವುದು. ಈ ಸಾಮೀಪ್ಯವನ್ನು ಹೇಳುವುದಕ್ಕೆ ಹರಿಗೋಲಿಗಿಂತ ತಕ್ಕ ವಸ್ತುವಿಲ್ಲ.

ಎರಡನೆಯದು, ಒಂಬತ್ತು ರಂಧ್ರಗಳು. ದೇಹವು ಒಂಬತ್ತು ಬಾಗಿಲುಗಳ ಪಟ್ಟಣವೆಂದು ಗೀತೆಯ ಐದನೆಯ ಅಧ್ಯಾಯದಲ್ಲಿದೆ. ದಾಸರು ಅದೇ ಒಂಬತ್ತನ್ನು ತೆಗೆದುಕೊಂಡು ಬಾಗಿಲುಗಳ ಬದಲು ರಂಧ್ರಗಳೆಂದರು. ಪಟ್ಟಣಕ್ಕೆ ಬಾಗಿಲು ಉಪಕಾರಕ. ಅದರಿಂದ ಒಡೆಯನು ಹೊರಹೋಗಿ ಒಳಬರುವನು. ತೊಗಲು ಬಿಗಿದ ಬುಟ್ಟಿಗೆ ರಂಧ್ರವೆಂದರೆ ನಾಶದ ದ್ವಾರ. ಸಂಖ್ಯೆಯು ಅದೇ, ದೇಹವೂ ಅದೇ. ಆಧಾರವಸ್ತುವು ಬದಲಾದ ಮಾತ್ರದಿಂದ ಇಂದ್ರಿಯಗಳ ಮೌಲ್ಯವು ತಿರುಗಿಬಿದ್ದಿತು. ಅದರ ಮೇಲೆ ಹರಿಗೋಲು ತುಂಬಿದೆಯೆಂದೂ ಹೇಳಿದೆ. ಭಾರದಿಂದ ಅಂಚು ನೀರಿನ ಮಟ್ಟಕ್ಕೆ ಇಳಿದ ಹರಿಗೋಲಿನಲ್ಲಿ ಕುಳಿತು ಬಲ್ಲವರಿಗೆ ಆ ಒಂದು ವಿಶೇಷಣದ ಭಯವು ತಿಳಿಯುವುದು.

ಮೂರನೆಯದು, ಭಯದ ಹೇತುಗಳು. ಕೀರ್ತನೆಯಲ್ಲಿ ಹೆಸರಿಸಿರುವುದು ಹೊಳೆಯ ಭರ, ಅದರ ಸೆಳವು, ಸುಳಿ, ಮತ್ತು ತೆರೆ. ತೆರೆಯನ್ನು ಬಿಟ್ಟರೆ ಉಳಿದುವೆಲ್ಲ ನದಿಯ ಗುಣಗಳು. ಸುಳಿಯ ಪ್ರಸ್ತಾವವು ಸಾಮಾನ್ಯವಾದುದಲ್ಲ. ತಾನೇ ತಿರುಗುವ ಸ್ವಭಾವದ ಬುಟ್ಟಿಯು ತಿರುಗುವ ನೀರಿಗೆ ಸಿಕ್ಕಿದರೆ ಆಗುವ ಅವಸ್ಥೆಯನ್ನು ಜೀವನ ಅವಸ್ಥೆಗೆ ಹೋಲಿಸಿದೆ. ಜೀವನು ಹೊರಗಿನ ಸಂಸಾರಚಕ್ರದಿಂದಲೂ ತಿರುಗುವನು, ತನ್ನ ಮನಸ್ಸಿನ ಚಾಂಚಲ್ಯದಿಂದಲೂ ತಿರುಗುವನು. ಚೂಪಾದ ಮೂತಿಯುಳ್ಳ ಹಾಯಿದೋಣಿಯನ್ನು ಕಲ್ಪಿಸಿಕೊಂಡು ಓದಿದರೆ ಈ ದ್ವಿಗುಣಭ್ರಮಣವು ಹೊಳೆಯದೆ ಹೋಗುವುದು.

ನಾಲ್ಕನೆಯದು, ಆರು ತೆರೆಗಳು. ಇವನ್ನು ಕಾಮಕ್ರೋಧಾದಿ ಅರಿಷಡ್ವರ್ಗವೆಂದು ಅರ್ಥ ಮಾಡುವುದು ರೂಢಿಯಾಗಿದೆ. ಆರೆಂಬ ಸಂಖ್ಯೆಯೊಂದೇ ಅದಕ್ಕೆ ಆಧಾರ. ಸಂಸ್ಕೃತದಲ್ಲಿ ‘ಊರ್ಮಿ’ ಎಂದರೆ ತೆರೆ. ‘ಷಡೂರ್ಮಿ’ಗಳೆಂದರೆ ಹಸಿವು, ಬಾಯಾರಿಕೆ, ಶೋಕ, ಮೋಹ, ಮುಪ್ಪು, ಮರಣ ಎಂದು ಶಾಸ್ತ್ರಪ್ರಸಿದ್ಧಿಯಿದೆ. ಬೃಹದಾರಣ್ಯಕದಲ್ಲಿ ಕಹೋಲನ ಪ್ರಶ್ನೆಗೆ ಉತ್ತರ ಹೇಳುವ ಯಾಜ್ಞವಲ್ಕ್ಯನು ಈ ಆರನ್ನೇ ಎಣಿಸಿ, ಆತ್ಮನು ಇವನ್ನು ದಾಟಿದವನು ಎನ್ನುತ್ತಾನೆ. ದಾಟುವಿಕೆಯೂ ತೆರೆಯೂ ಆರೂ ಒಂದೇ ಕಡೆ ಸೇರಿರುವಾಗ, ದಾಸರು ಕನ್ನಡಿಸಿರುವುದು ಊರ್ಮಿಯನ್ನೇ ಎಂದು ಗ್ರಹಿಸುವುದು ನ್ಯಾಯ. ಕಾಮಕ್ರೋಧಗಳನ್ನು ಸಾಧಕನು ಯತ್ನದಿಂದ ಜಯಿಸಬಹುದು. ಹಸಿವನ್ನೂ ಮುಪ್ಪನ್ನೂ ಮರಣವನ್ನೂ ಯತ್ನದಿಂದ ನಿಲ್ಲಿಸುವವರಾರು? ಇವು ಯಾರಿಂದಲೂ ಆಗದೆಂದು ದಾಸರು ಅಂಬಿಗನಿಗೆ ಮೊರೆಯಿಡುವುದು ಆಗಲೇ ಸಾರ್ಥಕವಾಗುತ್ತದೆ.

ಐದನೆಯದು, ಹುಟ್ಟು. ಸತ್ಯವನ್ನು ದಾಸರು ಹುಟ್ಟಾಗಿ ಹೇಳಿದ್ದಾರೆ. ಹಾಯಿಗೆ ಒಮ್ಮೆ ಗಾಳಿ ಹಿಡಿದರೆ ನಾವಿಕನು ಸ್ವಲ್ಪ ವಿಶ್ರಮಿಸಬಹುದು. ಹುಟ್ಟಿಗೆ ವಿಶ್ರಾಂತಿಯಿಲ್ಲ, ಪ್ರತಿಕ್ಷಣವೂ ನೀರಿಗೆ ಬೀಳುತ್ತಿರಬೇಕು. ಸತ್ಯವೂ ಹಾಗೆಯೇ ಕ್ಷಣಕ್ಷಣವೂ ಆಚರಣೆಯಲ್ಲಿರಬೇಕಾದುದು. ಇದಲ್ಲದೆ ಹುಟ್ಟು ಎಂಬ ಕನ್ನಡ ಪದಕ್ಕೆ ಜನ್ಮವೆಂಬ ಅರ್ಥವೂ ಉಂಟಷ್ಟೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ತಮ್ಮ ಕುಲವೃತ್ತಿಯನ್ನು ಹಳಿಯುವವರಿಗೆ ಉತ್ತರವಾಗಿ, ನಂಬಿದವನನ್ನು ಒಂದೇ ಹುಟ್ಟಿನಲ್ಲಿ ಕಡೆಹಾಯಿಸುವೆನೆಂದು ವಚನವೊಂದರಲ್ಲಿ ಹೇಳಿಕೊಂಡಿದ್ದಾರೆ. ಒಂದೇ ಹುಟ್ಟಿನ ಕೋಲಿನಿಂದ ಎಂದೂ, ಒಂದೇ ಜನ್ಮದಲ್ಲಿ ಎಂದೂ ಎರಡರ್ಥಗಳು ಶ್ಲೇಷೆಯಿಂದ ಬೆಸೆದಿವೆ. ಅಲ್ಲಿಯ ‘ಹಾಯಿಸು’ ಎಂಬುದು ದಾಟಿಸು ಎಂಬರ್ಥದ ಕ್ರಿಯಾಪದವೇ ಹೊರತು ಹಾಯಿಯ ಸಂಬಂಧದ್ದಲ್ಲವೆಂಬುದನ್ನು ಮೇಲೆ ಹೇಳಿದ ಭೇದದಿಂದ ತಿಳಿಯಬೇಕು. ಗಾಳಿಯ ಬಲದಿಂದ ನಡೆಯುವ ದೋಣಿಯನ್ನು ಇಲ್ಲಿಗೆ ತಂದರೆ ಶ್ಲೇಷೆಯು ಮುರಿಯುವುದು. ಶ್ಲೇಷೆ ಮುರಿದರೆ ವಚನದ ಪ್ರಾಣವೇ ಹೋಗುವುದು.

೫

ಇಲ್ಲಿ ಪೂರ್ವಪಕ್ಷಗಳು ಏಳಬಹುದು. ಸಾಂಗರೂಪಕದಲ್ಲಿ ಸಮಸ್ತವಸ್ತುವಿಷಯ, ಏಕದೇಶವಿವರ್ತಿ ಎಂದು ಮಮ್ಮಟನು ಎರಡು ಬಗೆಗಳನ್ನು ಹೇಳಿದ್ದಾನೆ. ಎಲ್ಲ ಅಂಗಗಳನ್ನೂ ಶಬ್ದದಿಂದಲೇ ಹೇಳುವುದು ಮೊದಲನೆಯದು; ಕೆಲವನ್ನು ಹೇಳಿ ಕೆಲವನ್ನು ಅರ್ಥಸಾಮರ್ಥ್ಯದಿಂದ ತಿಳಿಯಬಿಡುವುದು ಎರಡನೆಯದು. ಕೀರ್ತನೆಯನ್ನು ಏಕದೇಶವಿವರ್ತಿಯೆಂದು ಭಾವಿಸಿ, ಹೇಳದೆ ಬಿಟ್ಟ ಹಾಯಿಯನ್ನು ಊಹಿಸಿಕೊಂಡರೆ ದೋಷವೇನು ಎಂಬುದು ಮೊದಲನೆಯ ಆಕ್ಷೇಪ. ಉತ್ತರವೇನೆಂದರೆ, ಆರೋಪ್ಯಮಾಣವಾದ ವಸ್ತುವಿಗೆ ಲೋಕದಲ್ಲಿ ಯಾವ ಅಂಗವುಂಟೋ ಅದನ್ನು ಮಾತ್ರ ಅರ್ಥಸಾಮರ್ಥ್ಯವು ತಂದುಕೊಡುವುದು. ಭಾಗವತದ ಶ್ಲೋಕದಲ್ಲಿ ಗಾಳಿಯನ್ನು ಹೇಳಿರುವುದರಿಂದ ಹಾಯಿಯು ಲಭಿಸಿತು. ಹರಿಗೋಲಿಗೆ ಹಾಯಿಯೇ ಇಲ್ಲ. ಇಲ್ಲದ ಅಂಗವು ಯಾವ ಸಾಮರ್ಥ್ಯದಿಂದ ಬರುವುದು? ಆಕಳನ್ನು ಹೇಳಿದರೆ ಕೆಚ್ಚಲನ್ನು ಊಹಿಸಬಹುದು, ಸೊಂಡಿಲನ್ನು ಊಹಿಸಲಾಗದು.

ದಾಸರಿಗೆ ಭಾಗವತವು ಪರಮಪ್ರಮಾಣವಾದುದರಿಂದ ಅದಕ್ಕನುಸಾರವಾಗಿಯೇ ಕೀರ್ತನೆಯನ್ನು ಅರ್ಥೈಸಬೇಕೆಂಬುದು ಎರಡನೆಯ ಆಕ್ಷೇಪ. ಸಿದ್ಧಾಂತದಲ್ಲಿ ಅನುಸರಣೆಯು ಒಪ್ಪತಕ್ಕದ್ದೇ. ಉಪಕರಣಗಳಲ್ಲಿ ಅನುಸರಣೆ ಬೇಕಿಲ್ಲ. ಶಾಸ್ತ್ರಗಳಲ್ಲಿಯೇ ನೌಕೆಯು ಒಂದೇ ಬಗೆಯದಲ್ಲ. ಮುಂಡಕವು ಯಜ್ಞರೂಪವಾದ ಪ್ಲವಗಳನ್ನು ದೃಢವಲ್ಲದವೆಂದು ತೆಗಳುತ್ತದೆ. ಗೀತೆಯ ನಾಲ್ಕನೆಯ ಅಧ್ಯಾಯವು ಜ್ಞಾನಪ್ಲವದಿಂದ ಪಾಪವನ್ನೆಲ್ಲ ದಾಟಬಹುದೆಂದು ಹೊಗಳುತ್ತದೆ. ಗಾಳಿಯ ವಿಷಯದಲ್ಲಿಯೂ ಹೀಗೆಯೇ. ಭಾಗವತದಲ್ಲಿ ಅದು ಮಿತ್ರ. ಗೀತೆಯ ಎರಡನೆಯ ಅಧ್ಯಾಯದಲ್ಲಿಯಾದರೆ, ಇಂದ್ರಿಯಗಳನ್ನು ಅನುಸರಿಸುವ ಮನಸ್ಸು ಪ್ರಜ್ಞೆಯನ್ನು ಸೆಳೆದೊಯ್ಯುವುದಕ್ಕೆ, ನೀರಿನಲ್ಲಿ ನಾವೆಯನ್ನು ಸೆಳೆದೊಯ್ಯುವ ಗಾಳಿಯೇ ದೃಷ್ಟಾಂತ. ಅಲ್ಲಿ ಗಾಳಿಯು ಶತ್ರು. ಸಜ್ಜಾದ ಹಾಯಿಯುಳ್ಳವನಿಗೆ ಗಾಳಿಯು ಮಿತ್ರ, ಇಲ್ಲದವನಿಗೆ ಶತ್ರು ಎಂಬ ಲೋಕಾನುಭವವು ಎರಡರ ಹಿಂದೆಯೂ ಇದೆ. ಒಂದರ ನಾವೆಯನ್ನು ಇನ್ನೊಂದಕ್ಕೆ ಕಟ್ಟಿದರೆ ಎರಡೂ ಮುಳುಗುವುವು.

ಹರಿಗೋಲು ಎಂಬುದು ಪದ್ಯದ ನಡೆಗಾಗಿ ಬಂದ ದೋಣಿಯ ಪರ್ಯಾಯಪದವಷ್ಟೆ, ಅಷ್ಟು ಸೂಕ್ಷ್ಮವಾಗಿ ಹಿಂಜಬಾರದು ಎಂಬುದು ಮೂರನೆಯ ಆಕ್ಷೇಪ. ಇದಕ್ಕೆ ಮಲ್ಲಿನಾಥಸೂರಿಯ ಆಚಾರವೇ ಉತ್ತರ. ರಘುವಂಶದ ಆರಂಭದಲ್ಲಿ ಕಾಳಿದಾಸನು, ಅಲ್ಪಮತಿಯಾದ ತಾನು ಸೂರ್ಯವಂಶವನ್ನು ವರ್ಣಿಸಹೊರಟುದು ಉಡುಪದಿಂದ ಸಾಗರವನ್ನು ದಾಟಬಯಸಿದಂತೆ ಎಂದು ವಿನಯವನ್ನು ತೋರಿದ್ದಾನೆ. ಉಡುಪವೆಂದರೆ ದೋಣಿಯೆಂದು ಹೇಳಿ ಮುಗಿಸಬಹುದಾಗಿತ್ತು. ಮಲ್ಲಿನಾಥನು ಅಮರನ ಪ್ಲವಾರ್ಥವನ್ನು ಕೊಟ್ಟು ಅಲ್ಲಿಗೇ ನಿಲ್ಲದೆ, ತೊಗಲಿನಿಂದ ಬಿಗಿದುದು ಉಡುಪ ಎಂದು ಸಜ್ಜನನೆಂಬ ಕೋಶಕಾರನ ಮಾತನ್ನೂ ಉದಾಹರಿಸುತ್ತಾನೆ. ಇದು ನಮ್ಮ ಹರಿಗೋಲಿನ ಜಾತಿಯದೇ. ತೆಲುಗುನಾಡಿನ ಕೋಲಾಚಲ ವಂಶದವನಾದ ಅವನಿಗೆ ಪುಟ್ಟಿಯು ಅಪರಿಚಿತವಾಗಿರಲಾರದು. ಈ ಅರ್ಥದಿಂದಲೇ ಕವಿಯ ವಿನಯವು ನಿಲ್ಲುವುದು. ಹಾಯಿಯುಳ್ಳ ಹಡಗುಗಳು ಸಾಗರವನ್ನು ದಾಟುತ್ತಲೇ ಇರುವಾಗ ದೋಣಿಯಿಂದ ದಾಟಬಯಸುವುದು ಮೋಹವಲ್ಲ. ಕಂಬವಿಲ್ಲದ, ಹಾಯಿಯಿಲ್ಲದ, ದಿಕ್ಕಿಲ್ಲದ ತೊಗಲಿನ ಬುಟ್ಟಿಯಲ್ಲಿ ದಾಟಬಯಸುವುದು ಮೋಹ. ಅನೌಚಿತ್ಯವಲ್ಲದೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದ ಆನಂದವರ್ಧನನ ಮಾತು ಕವಿಗೆ ಎಷ್ಟು ಅನ್ವಯಿಸುವುದೋ ವ್ಯಾಖ್ಯಾನಕಾರನಿಗೂ ಅಷ್ಟೇ ಅನ್ವಯಿಸುವುದು.

೬

ಇಷ್ಟು ಹೇಳಿದುದರಿಂದ ಹಾಯಿಯು ಕಾವ್ಯಕ್ಕೆ ತಕ್ಕುದಲ್ಲವೆಂದು ಭಾವಿಸಬಾರದು. ಅದರ ನೆಲ ಬೇರೆ, ಭಾವ ಬೇರೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (೧೯೪೨) ಕಡಲಿಗೂ ಹಿನ್ನೀರಿಗೂ ನಡುವಣ ಊರಿನ ಕಥೆ. ಅಲ್ಲಿಯ ದೋಣಿಗೆ ಸೆಳವಿನ ಭಯಕ್ಕಿಂತ ಗಾಳಿಮಳೆಯ ಭಯವೇ ಹೆಚ್ಚು. ಕುವೆಂಪು ಅವರ ಪ್ರಸಿದ್ಧವಾದ ದೋಣಿಯ ಹಾಡಿನಲ್ಲಿ ಬೀಸುವ ಗಾಳಿಯು ಉತ್ಸಾಹಕ್ಕೆ ಹೇತುವಾಗಿದೆ. ಅಂಬಿಗನಿಗೆ ಮೊರೆಯಿಡುವ ದೈನ್ಯವು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ದೂರಕ್ಕೆ ಹೋಗುವ ಆಸೆಯನ್ನು ಹೇಳುವ ಕವಿಗೆ ಹಾಯಿಯು ಒದಗುವುದು. ಅಕ್ಕರೆಯಿಂದ ದಡ ಸೇರಿಸೆಂದು ಬೇಡುವವನಿಗೆ ಹರಿಗೋಲು ಒದಗುವುದು. ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಮೇರೆಯನ್ನು ಎರಡು ಹೊಳೆಗಳಿಂದ ಗುರುತಿಸಿದ ಕವಿರಾಜಮಾರ್ಗದ ಜನಕ್ಕೆ ಎರಡನೆಯದು ಮೊದಲು ನೆನಪಾದುದರಲ್ಲಿ ಆಶ್ಚರ್ಯವಿಲ್ಲ.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆಯುಂಟು. ಕೃಷ್ಣೆಗೆ ತಿಂಥಣಿಯಲ್ಲಿ ಸೇತುವೆಯಿದೆ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಹೊಳೆಯ ನಡೆಯೇ ಬದಲಾಗಿದೆ. ದಾಟುವ ಗಟ್ಟಗಳು ಒಂದೊಂದಾಗಿ ಬರಿದಾಗಿವೆ. ನಡುಗಡ್ಡೆಯ ಹಳ್ಳಿಗಳವರು ಪ್ರವಾಹದಲ್ಲಿ ಸಿಕ್ಕಿಕೊಂಡು ಒಣಸೋರೆಯ ಬುರುಡೆಗಳನ್ನು ಕಟ್ಟಿಕೊಂಡು ಈಜಿ ದಾಟಿದ ವಾರ್ತೆಗಳನ್ನು ಈ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಓದಿದ್ದೇವೆ. ಅಂತಹವರಿಗೆ ಸೇತುವೆಯು ಬೇಕೇ ಬೇಕು. ಹರಿಗೋಲು ಉಳಿಯಲೆಂದು ಯಾರೂ ಅವರನ್ನು ಹೊಳೆಯಲ್ಲಿ ಬಿಡಲಾಗದು. ಆದರೆ ವಸ್ತುವು ಬಳಕೆಯಿಂದ ಹೋಗುವಾಗ ಅದರ ಜ್ಞಾನವನ್ನು ಕಾಪಾಡುವ ಹೊಣೆಯು ಪಾಠಶಾಲೆಗೂ ಕೋಶಕಾರನಿಗೂ ಬರುವುದು. ಹರಿಗೋಲಿಗೆ “ಒಂದು ಬಗೆಯ ದೋಣಿ” ಎಂದಿಷ್ಟೇ ಅರ್ಥ ಬರೆದರೆ ಸಾಲದು. ಅದರ ದುಂಡು, ತೊಗಲು, ತಿರುಗುವಿಕೆ, ಮೇಲ್ಹೊಳೆಯಿಂದ ಇಳಿಬಿಡುವ ಕ್ರಮ, ಒಂದೇ ಹುಟ್ಟು, ಇವನ್ನೆಲ್ಲ ಬರೆಯಬೇಕು. ಯಾದಗಿರಿ, ಸುರಪುರಗಳ ಮಕ್ಕಳಿಗೆ ಈ ಕೀರ್ತನೆಯನ್ನು ಕಲಿಸುವವರು ಹಾಯಿಯ ಹಡಗಿನ ಚಿತ್ರವನ್ನು ಬದಿಗಿಟ್ಟು, ಊರಿನ ಹಿರಿಯ ಅಂಬಿಗನೊಬ್ಬನನ್ನು ಕರೆದು, ಸೆಳವಿಗೆ ಸಿಕ್ಕಿದ ಹರಿಗೋಲನ್ನು ಹೇಗೆ ನಿಲ್ಲಿಸುವನೆಂದು ಅವನ ಬಾಯಿಂದಲೇ ಕೇಳಿಸಲಿ. ದಾಸರು ಭಗವಂತನಿಗೆ ಆರಿಸಿಕೊಟ್ಟ ಕೆಲಸವು ಅದೇ ಆಗಿದೆ.